ಲಾಳಿಯ ಕಣ್ಣು

ಓದಿದವಳು ಅಂತ ಕೊಳ್ಳೇಗಾಲದ ಆ ಬೀದಿಯಲ್ಲಿ ಮೋನಿಕಾಗೆ ಇದ್ದ ಮರ್ಯಾದೆ ಅಷ್ಟಿಷ್ಟಲ್ಲ. ಯಾರಿಗೆ ಕೆಮ್ಮು ಬಂದರೂ ಮೊದಲು ಅವಳನ್ನೇ ಕೇಳುತ್ತಿದ್ದರು. ಯಳಂದೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ತಾನೇ! ಅಂಥವಳೇ ಹೆತ್ತವ್ವನನ್ನು ಕೈಯಾರೆ ಮಣ್ಣಿಗೆ ಕಳಿಸಿಬಿಟ್ಟಳು. ಆ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅವರ ಮನೆಯಲ್ಲಿ ಅವ್ವ ರುದ್ರಾಣಿ ರೇಷ್ಮೆ ಸೀರೆ ನೇಯುತ್ತಿದ್ದಳು, ಅಪ್ಪ ದೇವಣ್ಣ ಕಂಡಿಕೆ ಅನ್ನುವ ಸಣ್ಣ ಕೊಳವೆಗೆ ನೂಲು ಸುತ್ತಿಕೊಡುತ್ತಿದ್ದ. ಒಂದು ಕಂಡಿಕೆಯ ನೂಲು ಮುಗಿದರೆ ಇನ್ನೊಂದನ್ನು ಲಾಳಿಯೊಳಗೆ ಸಿಕ್ಕಿಸಬೇಕು. ಆಮೇಲೆ ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿಟ್ಟು ಉಸಿರು ಎಳೆದರೆ ಎಳೆ ನಾಲಿಗೆಗೆ ಬಂದು ತಾಗುತ್ತದೆ. ಆ ತೂತಿಗೆ ಕಣ್ಣು ಅನ್ನುತ್ತಿದ್ದರು. ಅವ್ವನ ಅವ್ವನೂ ಹಾಗೇ ಎಳೆದಿದ್ದಳು, ಮೋನಿಕಾ ಹತ್ತು ವರ್ಷಕ್ಕೇ ಕಲಿತಿದ್ದಳು. ಅದನ್ನು ಎಂಜಲು ಅಂತ ಆ ಮನೆಯಲ್ಲಿ ಯಾರೂ ಎಣಿಸಿದ್ದಿಲ್ಲ.

ಆ ವಾರ ಕಾಲೇಜಿನಲ್ಲಿ ಅರ್ಧ ತರಗತಿಗೆ ಫ್ಲೂ ಜ್ವರ. ಮಂಗಳವಾರ ಮೋನಿಕಾಗೂ ಗಂಟಲು ಕೆರೆಯಿತು. ಹೇಳಿದರೆ ಅವ್ವ ಹನೂರಿಗೆ ತಂಗಿ ಸುವರ್ಣಮ್ಮನ ಮನೆಗೆ ಹೊರಟಿದ್ದವಳು ನಿಂತುಬಿಡುತ್ತಾಳೆ ಅಂತ ಬಾಯಿ ಬಿಡಲಿಲ್ಲ. ಸದ್ದಿಲ್ಲದೆ ತನ್ನ ಲೋಟ ಬೇರೆ ಮಾಡಿಕೊಂಡಳು, ಪಡಸಾಲೆಯಲ್ಲಿ ಮಲಗಿದಳು. ಎಷ್ಟು ಜಾಣೆ ನೋಡಿ. ಬುಧವಾರ ಅವ್ವ ಹೋದ ಮೇಲೆ, ಮದುವೆಯವರು ಹೇಳಿ ಮಾಡಿಸುತ್ತಿದ್ದ ಸೀರೆ ಹಿಂದೆ ಬೀಳುತ್ತದಲ್ಲ ಅಂತ ಕಾಲೇಜಿಗೆ ರಜೆ ಹಾಕಿ ಮಗ್ಗಕ್ಕೆ ಕೂತಳು. ಸಂಜೆಯವರೆಗೆ ನೇಯ್ದಳು. ಅವ್ವ ಬಸ್ಸಿಳಿದು ಬಂದವಳೇ ಕೈಕಾಲು ತೊಳೆದು ಮಗ್ಗಕ್ಕಿಳಿದು, ಅದೇ ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆ ಎಳೆದಳು. ಮೋನಿಕಾ ಎದುರಿಗೇ ನಿಂತು ನೋಡುತ್ತಿದ್ದಳು. ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ.

ಶುಕ್ರವಾರ ರುದ್ರಾಣಿಗೆ ಜ್ವರ ಏರಿತು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಭಾನುವಾರ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಕಣ್ಣಿಗೆ ಕಾಣದ ಹುಳ ಇಷ್ಟು ದೊಡ್ಡ ಜೀವವನ್ನು ಹೇಗೆ ಕೆಡವುತ್ತದೆ ಅಂತ ದೇವಣ್ಣ ಮಗಳನ್ನು ಕೇಳಿದ. ಮೋನಿಕಾ ಮಕ್ಕಳಿಗೆ ಹೇಳುವ ಪಾಠವನ್ನೇ ಹೇಳಿದಳು.

"ಅದುಕ್ಕೆ ಸ್ವಂತದ್ದು ಅಂತ ಏನೂ ಇಲ್ಲ ಕಣಪ್ಪ. ಅದರ ಮೈ ಮೇಲಿನ ಮುಳ್ಳು ಸೀಳಿ, ಒಳಕ್ಕೆ ಬರೋ ಅಂಗೆ ಮಾಡೋದು ನಮ್ಮದೇ ಒಂದು ಪ್ರೊಟೀನು. ಅದನ್ನ ಜೀವಕೋಶದ ನಡುಮನೆಗೆ ಒತ್ಕಂಡು ಓಗೋದು ನಮ್ಮದೇ ಇನ್ನೊಂದು ಪ್ರೊಟೀನು. ಆಮೇಲೆ ನಮ್ ಮಗ್ಗದಲ್ಲಿ, ನಮ್ ನೂಲಲ್ಲೇ ಅದು ತನ್ನ ಸೀರೆ ನೇಯ್ಕತದೆ."

"ಅಂದ್ರೆ ಮನೆಯೋರೇ ಬಾಗ್ಲು ತಗುದ್ರು ಅನ್ನು," ಅಂದ ದೇವಣ್ಣ.

ಮೋನಿಕಾಗೆ ಬುಧವಾರ ತಾನು ಬಾಯಿಟ್ಟಿದ್ದ ಲಾಳಿ ನೆನಪಾದದ್ದು ಆಗಲೇ. ಹೇಳಿಬಿಡಬೇಕಿತ್ತು, ಹೇಳಲಿಲ್ಲ. ಮಂಗಳವಾರ ರುದ್ರಾಣಿ ತೀರಿಕೊಂಡಳು.

ಅಪ್ಪನ ಸಂಕಟಕ್ಕೆ ಒಬ್ಬರು ಬೇಕಿತ್ತು. ಸುವರ್ಣಮ್ಮ ಸಿಕ್ಕಳು. ಬೆಳಗಾದರೆ ಸೀನುವುದು ಆಕೆಗೆ ಹುಟ್ಟಿದಾಗಿನಿಂದ ಇದ್ದದ್ದೇ, ಆದರೂ ಹನೂರಿನಿಂದಲೇ ಕಾಯಿಲೆ ಬಂತು ಅಂತ ದೇವಣ್ಣ ಪಟ್ಟು ಹಿಡಿದ. ನೆಂಟರೂ ಹೂಂಗುಟ್ಟಿದರು. ಅಕ್ಕನ ಮುಖ ನೋಡಲೂ ಆಕೆಯನ್ನು ಬಿಡಲಿಲ್ಲ. ಮೋನಿಕಾ ಕೆಮ್ಮುತ್ತಿದ್ದದ್ದನ್ನು ಕಂಡವರು, ಅವ್ವನ ಸೇವೆ ಮಾಡಿ ಅಂಟಿಸಿಕೊಂಡಳು ಪಾಪ ಅಂತ ಮರುಗಿದರು. ಅವಳು ಆ ಮರುಕವನ್ನೂ ನುಂಗಿಕೊಂಡಳು.

ಹನ್ನೊಂದನೇ ದಿನ ತಿಥಿ. ಸುವರ್ಣಮ್ಮ ಬಂದಳು. ಒಳಗೆ ಬರಬೇಡ ಅಂತ ದೇವಣ್ಣ ಹೇಳಿ ಕಳಿಸಿದ್ದಕ್ಕೆ ಬಿಸಿಲಲ್ಲಿ ಜಗಲಿಯ ಕೆಳಗೇ ಕೂತಳು. ಸೂತಕ ಕಳೆದ ದಿನ ಮಗ್ಗಕ್ಕೆ ಅರಿಶಿನ ಕುಂಕುಮವಿಟ್ಟು ಒಂದು ಎಳೆಯಾದರೂ ನೇಯುವುದು ಆ ಮನೆಯ ಪದ್ಧತಿ. ದೇವಣ್ಣ ಮಗ್ಗಕ್ಕಿಳಿದ. ಅವ್ವ ಬಿಟ್ಟಲ್ಲೇ ಇದ್ದ ಲಾಳಿಯನ್ನು ಎತ್ತಿಕೊಂಡು, ಹೊಸ ಕಂಡಿಕೆ ಸಿಕ್ಕಿಸಿ, ಕಣ್ಣಿಗೆ ಬಾಯಿಟ್ಟ.

ಇಷ್ಟು ದಿನದ ಮೇಲೆ ಒಣ ಮರದ ಮೇಲೆ ವೈರಸ್ ಬದುಕಿರುವುದಿಲ್ಲ. ಅದು ಮೋನಿಕಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಕೇಳಲಿಲ್ಲ. ಓಡಿಬಂದು ಅಪ್ಪನ ಬಾಯಿಂದ ಲಾಳಿ ಕಿತ್ತುಕೊಂಡಳು.

ದೇವಣ್ಣ ಅವಳ ಮುಖ ನೋಡಿದ, ಕೈಯಲ್ಲಿದ್ದ ಲಾಳಿ ನೋಡಿದ. ನೇಕಾರನಿಗೆ ಬಿಡಿಸಿ ಹೇಳಬೇಕೇ?

"ಆ ಬುಧವಾರ ನೀನೇ ಅಲ್ವಾ ಕುಂತಿದ್ದು?"

"ಹೂಂ ಕಣಪ್ಪ. ಹಿಂದಿನ ದಿನವೇ ಗಂಟಲು ಕೆಟ್ಟಿತ್ತು."

ಬೈಯುತ್ತಾನೆ, ಹೊಡೆಯುತ್ತಾನೆ ಅಂತ ಕಾದಳು. ಹೊಡೆದರೆ ಸಾಕು ಅಂತಲೂ ಅನ್ನಿಸಿತು. ದೇವಣ್ಣ ಮಗ್ಗದ ಗುಂಡಿಯಿಂದ ನಿಧಾನಕ್ಕೆ ಎದ್ದು ಜಗಲಿಗೆ ಹೋದ. ಸುವರ್ಣಮ್ಮನ ಮುಂದೆ ಕೈ ಮುಗಿದು, ಒಳಗೆ ಬಾ ತಾಯಿ ಅಂತ ಕರೆದ. ಆಕೆಯನ್ನು ಎಲೆಯ ಮುಂದೆ ಕೂರಿಸಿ ತಾನೇ ನಿಂತು ಬಡಿಸಿದ.

ಆಮೇಲೆ ಮಗಳನ್ನು ಒಂದು ಮಾತೂ ಆಡಿಸಲಿಲ್ಲ. ಮರುದಿನವೂ ಆಡಿಸಲಿಲ್ಲ, ಅದರ ಮರುದಿನವೂ ಇಲ್ಲ. ಮದುವೆಯವರು ಬೇರೆ ಕಡೆ ಸೀರೆ ಕೊಂಡರು. ಅವ್ವ ಅರ್ಧ ನೇಯ್ದದ್ದು ಇನ್ನೂ ಮಗ್ಗದ ಮೇಲೇ ಇದೆ. ಮೋನಿಕಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ಯಳಂದೂರಿನ ಬಸ್ಸಿಗೆ ಹೋಗುತ್ತಾಳೆ, ಮಕ್ಕಳಿಗೆ ಅದೇ ಪಾಠ ಮಾಡುತ್ತಾಳೆ.