ಸುಟ್ಟ ಗುಡ್ಡಕ್ಕೆ ಬಂದ ಅಡವಿ

ಚಂದ್ರಂಪಳ್ಳಿ ಕೆರೆಯ ಹಿಂದಿನ ಗುಡ್ಡ ಸುಟ್ಟುಹೋದ ಬೇಸಿಗೆಯಲ್ಲಿ ಜಗದೇವಿ ಆ ಕಡೆ ಮುಖ ಮಾಡಿ ಕೂಡುವುದನ್ನೇ ಬಿಟ್ಟಿದ್ದಳು. ದೊಡ್ಡ ಮರಗಳನ್ನು ಕಳ್ಳ ಕೊಡಲಿಗಳು ಎಂದೋ ಒಯ್ದಿದ್ದವು. ಉಳಿದ ಕುರುಚಲನ್ನು ಯಾರೋ ಆರಿಸದೆ ಎಸೆದ ಬೀಡಿ ನುಂಗಿತು. ಗಾಳಿ ಬೀಸಿದರೆ ಸಾಕು, ಅಂಗಳದಲ್ಲಿ ಒಣಹಾಕಿದ ಬಟ್ಟೆಗೆಲ್ಲ ಮಸಿ.

ಗುಡ್ಡದ ತುಂಬ ಸಸಿ ನೆಡುತ್ತೇವೆ, ನರ್ಸರಿಯನ್ನು ಊರಿನ ಹೆಣ್ಣುಮಕ್ಕಳು ನಡೆಸಲಿ ಎಂದು ಅರಣ್ಯ ಇಲಾಖೆಯವರು ಬಂದು ಹೇಳಿದಾಗ ಮೊದಲು ಎದ್ದು ನಿಂತವಳು ಅವಳೇ. ನೆರೆಮನೆಯ ಹಮೀದಾಬೇಗಂ ಜೊತೆಯಾದಳು, ಅವಳ ಬೆನ್ನಿಗೆ ಓಣಿಯ ಹೆಂಗಸರೆಲ್ಲ ಬಂದರು. ಮಣ್ಣು ಜರಡಿ ಹಿಡಿದು, ಗೊಬ್ಬರ ಕಲಸಿ, ಚೀಲ ತುಂಬಿ ಹೊಂಗೆ, ಬೇವು, ಹೊನ್ನೆ, ತೇಗ ಎಬ್ಬಿಸಿದರು. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಬುಟ್ಟಿ ಹೊತ್ತು ಗುಡ್ಡ ಏರಿದರು. ತಗ್ಗು ತೋಡುವವರು ಮುಂದೆ, ಸಸಿ ಇಟ್ಟು ಮಣ್ಣು ತುಳಿಯುವವರು ಹಿಂದೆ.

ಆದರೆ ನೆಟ್ಟ ಗುಡ್ಡಕ್ಕೆ ಆಡು ಬಿಡುವಂತಿರಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಇದ್ದದ್ದು ಜಗದೇವಿಯ ಸ್ವಂತ ಅಣ್ಣ ಗೊಲ್ಲಾಳಪ್ಪನದು.

"ಗುಡ್ಡ ಬಂದ್ ಮಾಡಿದ್ರ ನನ್ನ ಆಡು ಏನ್ ತಿನ್ನಬೇಕು? ನಿನ್ನ ನರ್ಸರಿ ಮಣ್ಣ?" ಎಂದು ನಾಲ್ಕು ಮಂದಿಯ ಎದುರಿಗೇ ಕೇಳಿದ ಅವನು.

"ಗಿಡ ದೊಡ್ಡವಾಗೋ ತನಕ ಅಣ್ಣಾ. ಆಮ್ಯಾಲ ನಿನ್ನ ಆಡಿಗೇ ನೆರಳು," ಎಂದಳು ಜಗದೇವಿ. ಗೊಲ್ಲಾಳಪ್ಪ ರುಮಾಲು ಜಾಡಿಸಿ ಹೆಗಲಿಗೆ ಹಾಕಿಕೊಂಡು ಹೋದವನು ತಂಗಿಯ ಮನೆಯ ಚಹಾ ಕುಡಿಯುವುದನ್ನೂ ಬಿಟ್ಟ. ದಿನಾ ಹಿಂಡು ಹೊಡೆದುಕೊಂಡು ಕೊಡ್ಲಿ ಊರಿನ ಕಡೆಯ ಬೀಳು ಹೊಲಗಳಿಗೆ ಹೋಗಿ, ಕತ್ತಲಾದ ಮೇಲೆ ಕಾಲೆಳೆಯುತ್ತ ಬರುತ್ತಿದ್ದ. ಜಗದೇವಿ ಬಾಗಿಲಲ್ಲಿ ನಿಂತು ಅವನ ದಾರಿ ನೋಡುತ್ತಿದ್ದಳು. ಆದರೂ ಗುಡ್ಡದ ಮಾತಿನಲ್ಲಿ ಅವಳು ಸಡಿಲವಾಗಲಿಲ್ಲ.

ಎರಡನೆಯ ಮಳೆಗಾಲ ಮುಗಿದ ಹೊತ್ತಿಗೆ ಅವನೇ ಬಾಗಿಲಿಗೆ ಬಂದ.

"ತಂಗೀ, ಜಗಳಕ್ಕ ಬಂದಿಲ್ಲ. ಮ್ಯಾಲ ಹೋಗಿ ನೋಡೀಯೇನು? ಹುಲ್ಲು ಸೊಂಟದ ತನಕ ಬೆಳದದ. ಒಣಗಿತಂದ್ರ ಒಂದು ಕಿಡಿ ಸಾಕು, ನೀ ಹಚ್ಚಿದ್ದೆಲ್ಲ ಬೂದಿ."

"ಆಡು ಬಿಡಂಗಿಲ್ಲ ಅಣ್ಣಾ."

"ಆಡು ಬಿಡ್ತೀನಿ ಅಂತ ಯಾರ ಅಂದ್ರು? ಕುಡುಗೋಲು ಹಿಡ್ಕೊಂಡ ಬರ್ತೀವಿ. ಹುಲ್ಲು ಕೊಯ್ದು ಹೊರಿ ಕಟ್ಕೊಂಡ ಬಂದು ದೊಡ್ಯಾಗ ಹಾಕ್ತೀವಿ. ನನ್ನ ಆಡಿನ ಹೊಟ್ಟಿ ತುಂಬ್ತದ, ನಿನ್ನ ಗಿಡ ಉಳೀತಾವ."

ಜಗದೇವಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಮರುದಿನ ಅಣ್ಣ ತಂಗಿ ಇಬ್ಬರೂ ಕೂಡಿ ಫಾರೆಸ್ಟ್ ಗಾರ್ಡ್ ಸಂಘಪಾಲನ ಹತ್ತಿರ ಹೋದರು. ಅವನಿಗೂ ಅದೇ ಚಿಂತೆಯಿತ್ತು. ಸಾಹೇಬರನ್ನು ಕೇಳಿ ಒಪ್ಪಿಗೆ ತಂದ. ಹುಲ್ಲು ಕೊಯ್ಯುವುದರ ಜೊತೆಗೆ ಗುಡ್ಡದ ಸುತ್ತ ಬಂಡಿ ಹೋಗುವಷ್ಟು ಅಗಲಕ್ಕೆ ಎಲೆ ಕಡ್ಡಿ ಕೆರೆದು ಬೋಳು ಪಟ್ಟಿ ಮಾಡಿದರೆ ಬೆಂಕಿ ದಾಟದು ಎಂದ. ಚಳಿಗಾಲವಿಡೀ ಆಡಿನವರು ಹುಲ್ಲು ಹೊತ್ತರು, ಹೆಂಗಸರು ಪಟ್ಟಿ ಕೆರೆದರು.

ಮುಂದಿನ ಬೇಸಿಗೆಯಲ್ಲಿ ಒಂದು ಮಟಮಟ ಮಧ್ಯಾಹ್ನ ರಸ್ತೆಯ ಬದಿಯಿಂದ ಹೊಗೆ ಎದ್ದಿತು. ನರ್ಸರಿಯಲ್ಲಿ ನೀರು ಬಿಡುತ್ತಿದ್ದ ಜಗದೇವಿ ಪೈಪು ಅಲ್ಲೇ ಒಗೆದು ಕೂಗುತ್ತ ಓಡಿದಳು. ಅವಳು ಮೇಲೆ ಮುಟ್ಟುವಷ್ಟರಲ್ಲಿ ಗೊಲ್ಲಾಳಪ್ಪ ಮತ್ತು ಅವನ ಜೊತೆಗಾರರು ಹಸಿ ಟೊಂಗೆ ಮುರಿದುಕೊಂಡು ಸಾಲಾಗಿ ನಿಂತಿದ್ದರು. ಬೆಂಕಿ ಚಟಚಟ ಅನ್ನುತ್ತ ಬಂತು. ಬೋಳು ಪಟ್ಟಿಗೆ ಬಂದದ್ದು ತಿನ್ನಲಿಕ್ಕೆ ಏನೂ ಸಿಗದೆ ಅಲ್ಲೇ ಕುಗ್ಗಿತು. ಹಳ್ಳದ ಮಗ್ಗುಲಲ್ಲಿ ಮಾತ್ರ ಗಾಳಿ ಕಿಡಿಯನ್ನು ಎತ್ತಿ ಒಳಗೆ ಒಗೆಯಿತು.

"ಹಳ್ಳದ ಕಡೆ ಬರ್ರಿ! ಜಲ್ದಿ ಬರ್ರಿ!" ಎಂದು ಜಗದೇವಿ ಚೀರಿದಳು.

ಗಂಡಸರು, ಹೆಂಗಸರು, ಸಂಘಪಾಲ, ಎಲ್ಲರೂ ಅತ್ತ ನುಗ್ಗಿದರು. ಹಮೀದಾಬೇಗಂ ಗೋಣಿಚೀಲ ತೋಯಿಸಿ ತೋಯಿಸಿ ಕೊಟ್ಟಳು. ಹೊಗೆಗೆ ಕಣ್ಣು ಬಿಡಲಾಗದಿದ್ದರೂ ಯಾರೂ ಹಿಂದೆ ಸರಿಯಲಿಲ್ಲ. ಬಡಿದರು, ತುಳಿದರು, ಮಣ್ಣು ಎರಚಿದರು. ಹೊತ್ತು ಇಳಿಯುವ ವೇಳೆಗೆ ಬೆಂಕಿ ಸತ್ತಿತ್ತು.

ಹಳ್ಳದ ಮೂಲೆಯೊಂದು ಕರಕಲಾಗಿತ್ತು. ಉಳಿದ ಗುಡ್ಡ ನಿಂತಿತ್ತು. ಜಗದೇವಿ ಬಂಡೆಯ ಮೇಲೆ ಕುಸಿದು ಕೂತು, ಎದುರಿಗೆ ಎದೆಮಟ್ಟ ಬೆಳೆದ ಹೊಂಗೆಗಳನ್ನು ನೋಡುತ್ತ ನೋಡುತ್ತ ಅತ್ತೇಬಿಟ್ಟಳು.

"ಯಾಕ ಅಳ್ತೀ ಹುಚ್ಚಿ? ಗೆದ್ದೀವಿ!" ಎಂದ ಗೊಲ್ಲಾಳಪ್ಪ. ಮಸಿ ಬಡಿದ ಅವನ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡು ಅವಳಿಗೆ ನಗುವೂ ಬಂತು.

ಮಳೆಗಾಲದಲ್ಲಿ ಸುಟ್ಟ ಮೂಲೆಯ ತೇಗಗಳು ಬುಡದಿಂದಲೇ ಚಿಗುರಿದವು. ಚಿಗುರದ ಕಡೆ ಹೊಸ ಸಸಿ ನೆಟ್ಟರು. ಸುದ್ದಿ ಹಬ್ಬಿ, ಸೇಡಂ ತಾಲೂಕಿನ ಆಡಕಿಯಿಂದ ಹೆಂಗಸರ ಗುಂಪೊಂದು ಟಂಟಂ ಆಟೋ ಮಾಡಿಕೊಂಡು ನೋಡಲು ಬಂತು. ಅವರೂ ತಮ್ಮೂರ ಬೋಳು ದಿನ್ನೆಗೆ ಗಿಡ ಹಚ್ಚಬೇಕೆಂದಿದ್ದರು.

"ಇಷ್ಟೆಲ್ಲ ಹ್ಯಾಂಗ್ ಮಾಡಿದ್ರಿ ಯಕ್ಕಾ?" ಎಂದು ಅವರಲ್ಲೊಬ್ಬಳು ಕೇಳಿದಳು.

ಜಗದೇವಿ ಬಾಯಿ ತೆರೆಯುವ ಮೊದಲೇ ಗೊಲ್ಲಾಳಪ್ಪ ಮುಂದೆ ಬಂದ. "ಕುಂದ್ರಿ, ನಾ ಹೇಳ್ತೀನಿ. ನಮ್ಮ ತಂಗಿ ಭಾಳ ಹಟಮಾರಿ ಅದಾಳ. ಆಕಿ ಹಟಾ ಇಲ್ಲಂದ್ರ ಇಲ್ಲಿ ಒಂದು ಗಿಡಾನೂ ಇರ್ತಿದ್ದಿಲ್ಲ…"

ಹೊಗಳಿಕೆ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವ ಹೆಂಗಸು ಜಗದೇವಿ. ಆದರೆ ಅವತ್ತು ಅಣ್ಣನ ಮಗ್ಗುಲಿಗೇ ಬಂದು ನಿಂತು, ಅವನು ಹೇಳಿದ್ದನ್ನೆಲ್ಲ ತಲೆ ಎತ್ತಿಕೊಂಡು ಕೇಳಿದಳು.