ಬೆನ್ನಿನ ನೀರು ನಾರ್ಮಲ್

“ರಿಪೋರ್ಟ್ ನಾರ್ಮಲ್ ಅಂದ್ರ ನಾರ್ಮಲ್! ನಿನ್ನ ಮಗಳು ಹಟಮಾರಿ ಅದಾಳ, ಅದಕ್ಕ ನಾ ಏನ್ ಇಂಜೆಕ್ಷನ್ ಕೊಡ್ಲಿ? ನಿಮ್ಮ ಓಣಿ ಹುಡುಗೂರಿಗಿ ರೀತಿ-ರಿವಾಜು ಅನ್ನೋ ಖಬರ್ ಅದೇನು?”

ದೊಡ್ಡ ದವಾಖಾನೆಯ ಡಾಕ್ಟರು ಹೀಗೆ ಗುಡುಗಿದಾಗ ನನ್ನ ತಂಗಿ ಪಂಚಶೀಲಾ ಮಗಳು ಪಲ್ಲವಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಮಗುವಿಗೆ ಮೆದುಳು ಜ್ವರ ಬಂದಿತ್ತು. ಬೆನ್ನಿಗೆ ಸೂಜಿ ಚುಚ್ಚಿ ತೆಗೆದ ನೀರು ಮೊದಲ ಸಲ ಕೀವಿನಂತೆ ಮಬ್ಬಾಗಿತ್ತು. ಎರಡನೇ ಸಲ ತಿಳಿಯಾಗಿ ಬಂತು. ಮಗು ಬದುಕಿತು. ನಾವು ಡಾಕ್ಟರ ಕಾಲಿಗೂ ಬಿದ್ದೆವು, ಲ್ಯಾಬಿನ ಬಾಗಿಲಿಗೂ ಕೈಮುಗಿದೆವು. ಆದರೆ ಕೂಗಿದರೆ ಪಲ್ಲವಿ ತಿರುಗಿ ನೋಡುತ್ತಿರಲಿಲ್ಲ. ಈ ಜ್ವರ ಕಿವಿ ತಿನ್ನುತ್ತದೆ, ಬೇಗ ಗೊತ್ತಾದರೆ ಕಿವಿಗೆ ಮಷೀನು ಹಾಕಿಸಿ ಮಾತಾದರೂ ಉಳಿಸಿಕೊಳ್ಳಿ ಎಂದು ವಾರ್ಡಿನ ಸಿಸ್ಟರ್ ಜಯಮಾಲಾ ಗುಟ್ಟಾಗಿ ಹೇಳಿದ್ದಳು.

“ಕಿವಿ ಒಂದ್ ತಪಾಸ್ ಮಾಡ್ರಿ ಸಾಹೇಬ್ರ,” ಎಂದಳು ತಂಗಿ.

“ಕಿವಿ ನೋಡೋ ಮಷೀನಿನ ಖೋಲಿಗಿ ಕೀಲಿ ಹಾಕ್ಯದ. ಚಾವಿ ಇದ್ದಾವ ರಜಾ ಮ್ಯಾಲ ಹೋಗ್ಯಾನ. ಬೆನ್ನಿನ ನೀರು ಛಲೋ ಅದ. ಡಿಸ್ಚಾರ್ಜ್, ನಡೀರಿ!”

“ಬೆನ್ನಿನ ನೀರಿಗಿ ಕಿವಿ ಇರ್ತಾವೇನ್ರಿ ಸಾಹೇಬ್ರ?” ಎಂದು ತಂಗಿಯ ಅತ್ತೆ ಮರೆಮ್ಮ ಕಿಸಕ್ಕನೆ ನಕ್ಕಳು. ಡಾಕ್ಟರ ಮುಖ ಬದನೆಕಾಯಿ ಆಯಿತು. ಕಾವಲುಗಾರ ನಮ್ಮನ್ನು ಹೊರಗೆ ದಬ್ಬಿದ.

ಅಂಗಳದಲ್ಲಿ ತಂಗಿಯ ಗಂಡ ಜಗದೇವ ಕೂತಿದ್ದ. ಜಯಂತಿ ಮೆರವಣಿಗೆಯಲ್ಲಿ ಬಾರಿಸಿದ ಹಲಗೆಯನ್ನು ಹೆಗಲಿಗೇರಿಸಿಕೊಂಡೇ ಅತನೂರಿನಿಂದ ಬಸ್ ಹತ್ತಿ ಬಂದವನು. ಚರ್ಮದ ಸಾಮಾನು ಒಳಗೆ ನಡೆಯುವುದಿಲ್ಲ ಎಂದು ಕಾವಲುಗಾರ ಅವನನ್ನು ಬಾಗಿಲಲ್ಲೇ ತಡೆದಿದ್ದ. ಹಾಗೆಂದವನ ಕಾಲಲ್ಲಿ ಚರ್ಮದ ಬೂಟು ಮಿಂಚುತ್ತಿತ್ತು.

ನಡೆದದ್ದನ್ನು ಕೇಳಿ ಜಗದೇವ ಎದ್ದ. “ನಮ್ಮ ಬಲ್ಲಿನೂ ಒಂದ್ ಮಷೀನ್ ಅದ, ನಡೀರಿ.”

ಬೆಂಕಿಯ ಕಾವು ಕೊಡದೆ ಹಲಗೆಯ ದನಿ ಏಳುವುದಿಲ್ಲ. ಸಲೈನಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ ಕಡ್ಡಿ ಗೀರಿದೆವು. ಬರೀ ಹೊಗೆ. ಮರೆಮ್ಮ ಕೈಯಲ್ಲಿದ್ದ ರಿಪೋರ್ಟನ್ನೇ ಅದರಡಿ ತುರುಕಿದಳು.

“ಛಲೋ ಅದ ಅಂದಾನಲ್ಲ ಭಾಡ್ಯಾ, ಛಲೋ ಉರೀತದ ತಗೋ.” ಬೆಂಕಿ ಹೊತ್ತಿತು, ಹಲಗೆ ಕಾಯಿತು.

“ದವಾಖಾನಿಗಿ ಬೆಂಕಿ ಹಚ್ಚತೀರೇನಲೇ, ಸೂಳೆಮಕ್ಕಳ್ರ್ಯಾ!” ಕಾವಲುಗಾರ ಬಕೆಟ್ ಹಿಡಿದು ಓಡಿಬಂದು, ಅವಸರದಲ್ಲಿ ನೀರನ್ನು ತನ್ನ ಪ್ಯಾಂಟಿನ ಮೇಲೇ ಸುರಿದುಕೊಂಡ. ಅವನು ಅದನ್ನು ಹಿಂಡಿಕೊಳ್ಳುವಷ್ಟರಲ್ಲಿ ನಾವು ಒಳಗಿದ್ದೆವು.

ತಂಗಿ ಪಲ್ಲವಿಯನ್ನು ಡಾಕ್ಟರ ಮೇಜಿನ ಮೇಲೆ ಕೂರಿಸಿ ಕೈಗೊಂದು ಬಿಸ್ಕಿಟು ಕೊಟ್ಟಳು. ಜಗದೇವ ಮಗಳ ಬೆನ್ನ ಹಿಂದೆ ನಿಂತು ಬಾರಿಸಿದ.

ಡಾಕ್ಟರು ಕುರ್ಚಿ ಸಮೇತ ಮಗುಚಿಬಿದ್ದರು. ಜಯಮಾಲಾ ಕೈಯಿಂದ ಟ್ರೇ ಹಾರಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮುದುಕನೊಬ್ಬ ಎದ್ದು ಓಡಿದ, ಅವನ ಹಿಂದೆ ಸಲೈನಿನ ಕಂಬವೂ ಓಡಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ತಂಗಿಯ ಮುಖ ನೋಡಿದೆ.

ಪಲ್ಲವಿ ಬಿಸ್ಕಿಟು ತಿನ್ನುತ್ತಿದ್ದಳು.

“ನಿಲ್ಸೋ ಹಲ್ಕಟ್!” ಡಾಕ್ಟರು ನೆಲದಿಂದಲೇ ಅರಚಿದರು.

“ನಿಮ್ಮ ಕಿವಿ ನಾರ್ಮಲ್ ಅದಾವ್ರಿ ಸಾಹೇಬ್ರ. ನನ್ನ ಮಗಳಿಗಿ ಕೇಳಸಂಗಿಲ್ಲಂತ ಬರೀರಿ. ಬರೆಯೂತನಕ ನಿಲ್ಸಂಗಿಲ್ಲ,” ಎಂದ ಜಗದೇವ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಬಾರಿಸುತ್ತಲೇ ಇತ್ತು.