ಮೂರು ತಂತಿ ಸಡಿಲ

"ಸ್ವಲ್ಪ ಓರೆ ಮಾಡು, ಬಾಗಿಲಿಗೆ ತಾಗತ್ತೆ" ಎನ್ನುತ್ತ ಲಿಫ್ಟ್ ಕಂಪನಿಯ ಇಬ್ಬರು ಸೋಫಾವನ್ನು ಮುಂದಿನ ಕೋಣೆಯಿಂದ ಹೊರಗೆ ಸಾಗಿಸುತ್ತಿದ್ದರು. ಅದಿದ್ದ ಜಾಗದ ಪಕ್ಕದಲ್ಲೇ ಅವರ ಹಳೆಯ ಮೆಕ್ಯಾನಿಕ್‌ನನ್ನು ಮಲಗಿಸಿತ್ತು. ಹನ್ನೊಂದಕ್ಕೆ ಹೆಣ ಒಯ್ಯುವ ವ್ಯಾನ್ ಬರುವುದಿತ್ತು. ನಿನ್ನೆ ಸಂಜೆ ಸತ್ತವನಿಗೆ ಇವತ್ತು ಮನೆ ತುಂಬ ಜನ. ಬದುಕಿದ್ದಾಗ ಇವರಲ್ಲಿ ಅರ್ಧದಷ್ಟು ಮಂದಿಗೆ ಅವನ ಮನೆಯ ದಾರಿಯೇ ಗೊತ್ತಿರಲಿಲ್ಲ.

"ಊರೋರನ್ನೆಲ್ಲ ಮೇಲಕ್ಕೆ ಹತ್ತಿಸಿದ" ಎಂದ ಒಬ್ಬ. "ತಾನು ಮಾತ್ರ ಕೊನೇವರೆಗೂ ನೆಲಮಾಳಿಗೇಲೇ ಉಳ್ಕೊಂಡ."

"ಸುಮ್ನಿರೋ. ಅತ್ತಿಗೆ ಕೇಳಿಸ್ಕೋತಾರೆ."

ಅತ್ತಿಗೆಗೆ ಕೇಳಿಸಿತ್ತು. ಸತ್ತವನ ಹೆಂಡತಿಗೆ ಇವತ್ತು ಸೂಜಿ ಬಿದ್ದರೂ ಕೇಳಿಸುತ್ತಿತ್ತು. ನಿನ್ನೆ, ಕೇಳಿಸಲೇಬೇಕಾಗಿದ್ದೊಂದು ಕೇಳಿಸದೇ ಹೋದಾಗ ಮಾತ್ರ ಅವಳು ಕೂತಲ್ಲಿಂದ ಎದ್ದಿರಲಿಲ್ಲ.

ಹಿಂದಿನ ಕೋಣೆಯಿಂದ ಹಾರ್ಮೋನಿಯಂ ರಿಪೇರಿಯವನ ದನಿ ಬಂತು. ಗಂಡನಿಗೆ ಹಳೆಯ ಗಿಟಾರುಗಳನ್ನೆಲ್ಲ ಹುಡುಕಿಕೊಟ್ಟವನು ಅವನೇ. "ಈ ಗಿಟಾರನ್ನ ಯಾರು ಹೀಗೆ ಬಿಟ್ರು? ಮೂರು ತಂತಿ ಸಡಿಲ, ಮೂರು ಬಿಗಿ. ಕತ್ತು ತಿರುಚಿಕೊಂಡು ಹೋಗತ್ತಲ್ಲ. ನೀನೇನಾದ್ರೂ ಮುಟ್ಟಿದ್ಯಾ ಮಗಳೇ?"

"ಇಲ್ಲ ಅಂಕಲ್. ಅಪ್ಪನ ತೊಡೆ ಮೇಲೆ ಹೇಗಿತ್ತೋ ಹಾಗೇ ತೆಗೆದಿಟ್ಟೆ."

ಹೆಂಡತಿ ಗೋಡೆ ಹಿಡಿದು ಎದ್ದು ಹಿಂದಿನ ಕೋಣೆಯ ಬಾಗಿಲಿಗೆ ಬಂದಳು. "ಯಾರೂ ಮುಟ್ಬೇಡಿ ಅದನ್ನ" ಎಂದಳು.

*

ಮೊದಲನೆಯ ಗಿಟಾರು ಮನೆಗೆ ಬಂದದ್ದು ಹಳೇ ದುಪ್ಪಟಿಯಲ್ಲಿ ಸುತ್ತಿಕೊಂಡು, ಮದುವೆಯಾದ ಎರಡನೆಯ ವರ್ಷ. ಬಿಚ್ಚಿದರೆ ಮೈತುಂಬ ಮಿಣಮಿಣ ಎನ್ನುವ ಕೆಂಪು ಪ್ಲಾಸ್ಟಿಕ್ಕು, ಎದೆಯ ಮೇಲೆ ಸಾಲಾಗಿ ಆರು ಬಟನ್ನು.

"ಯಾರ ಮನೆ ಬಚ್ಚಲಿನ ಬಾಗಿಲು ಕಿತ್ಕೊಂಡು ಬಂದ್ರಿ?"

"ಇಟಲಿಯದು ಕಣೆ. ಅಲ್ಲಿ ಅಕಾರ್ಡಿಯನ್, ಅದೇ ಎದೆಗೆ ತಗುಲಿಸ್ಕೊಂಡು ನುಡಿಸೋ ಹಾರ್ಮೋನಿಯಂ, ಮಾಡ್ತಿದ್ದೋರು, ಅದನ್ನ ಕೊಳ್ಳೋರು ಕಮ್ಮಿಯಾದಾಗ ಅದೇ ಪ್ಲಾಸ್ಟಿಕ್ಕು, ಅದೇ ಬಟನ್ನು ಹಾಕಿ ಗಿಟಾರ್ ಮಾಡಿದ್ರು."

"ಇಟಲಿಯೋರಿಗೇ ಬೇಡವಾದ್ದು ನಿಮಗ್ಯಾಕೆ?"

"ಅದಕ್ಕೇ ನನ್ನ ಕೈಗೆ ಸಿಕ್ಕಿದ್ದು."

ಆರು ಬಟನ್ನುಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಎರಡು. ಆಮೇಲೆ ಇನ್ನೂ ನಾಲ್ಕು ಗಿಟಾರು ಬಂದವು, ಒಂದಕ್ಕಿಂತ ಒಂದು ಅಧ್ವಾನ. ಹಗಲೆಲ್ಲ ಲಿಫ್ಟಿನ ಹೊಂಡದಲ್ಲಿ ಗ್ರೀಸು ಮೆತ್ತಿಕೊಂಡು ಬಂದವನು ಮೊಣಕೈವರೆಗೂ ಉಜ್ಜಿ ತೊಳೆದು, ಡಬ್ಬದಂಥ ಸ್ಪೀಕರ್ ಹಚ್ಚಿ ಕೂರುತ್ತಿದ್ದ. ದೊಡ್ಡ ವಾದಕನೇನಲ್ಲ. ಕೈಗೆ ಕೂತದ್ದು ಮೂರು ನಾಲ್ಕು ಹಾಡು, ಅವುಗಳಲ್ಲೂ ತಪ್ಪುವ ಜಾಗ ಬಂದಾಗ ಅವನಿಗಿಂತ ಮೊದಲು ಅಡುಗೆಮನೆಯಲ್ಲಿ ಅವಳೇ ಹುಬ್ಬು ಗಂಟಿಕ್ಕುತ್ತಿದ್ದಳು.

ನುಡಿಸಿಯಾದ ಮೇಲೆ ಆರೂ ತಂತಿ ಸಡಿಲಿಸಿಯೇ ಏಳುವುದು ಅವನ ಪದ್ಧತಿ. ಅವನ ಆ ಗಿಟಾರುಗಳ ಕತ್ತಿನೊಳಗೆ ಉಕ್ಕಿನ ಸರಳಿರಲಿಲ್ಲ. ಬಿಗಿಯಾಗಿ ಬಿಟ್ಟರೆ ಮರ ಬಿಲ್ಲಿನಂತೆ ಬಾಗುತ್ತಿತ್ತು. ದಪ್ಪ ತಂತಿಯಿಂದ ಶುರು ಮಾಡಿ, ಒಂದೊಂದನ್ನೇ ಮೀಟುತ್ತ ಬಿರಡೆ ತಿರುಗಿಸಿದರೆ ಸ್ವರ ಗುಂಯ್ ಎಂದು ಕೆಳಗಿಳಿಯುತ್ತಿತ್ತು. "ನನ್ನ ಲಿಫ್ಟು ಇಳೀತಾ ಇದೆ ನೋಡೇ" ಎನ್ನುತ್ತಿದ್ದ. ಅವಳು ಎಣಿಸುತ್ತಿದ್ದಳು. ಆರನೆಯದು ಇಳಿಯಿತೆಂದರೆ ಚಹಾಕ್ಕೆ ನೀರಿಡುವುದು. ಮೂವತ್ತೊಂದು ವರ್ಷ ಈ ಲೆಕ್ಕ ತಪ್ಪಿರಲಿಲ್ಲ.

*

"ಮೂರೇ ಇಳಿದ್ವು" ಎಂದಳು ಹೆಂಡತಿ, ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕುಸಿದು. "ನಾನು ಎಣಿಸಿದೀನಿ."

ಮಗಳು ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು.

"ನಿನ್ನೆ ತಲೆ ಸಿಡೀತಿತ್ತು ನಂಗೆ. ಸಾಕು ಮಾಡ್ರಿ ಆ ತಗಡು ಬಡಿಯೋದನ್ನ, ಎಲ್ಲಾದ್ರೂ ಬಿಸಾಕಿ ಬನ್ನಿ ಅಂದ್ಬಿಟ್ಟೆ. ನಿಲ್ಲಿಸಿದ್ರು. ಒಂದು ಇಳೀತು, ಎರಡು, ಮೂರು. ಆಮೇಲೆ ಇಲ್ಲ. ಮುನಿಸ್ಕೊಂಡಿದಾರೆ ಅಂದ್ಕೊಂಡೆ. ಹಸಿವಾದ್ರೆ ತಾವೇ ಬರ್ತಾರೆ ಅಂತ ಬಟ್ಟೆ ಮಡಚ್ತಾ ಕೂತೆ. ಅರ್ಧ ಗಂಟೆ. ಸದ್ಯ ಮನೆ ತಣ್ಣಗಾಯ್ತು ಅಂತ ಖುಷಿನೂ ಪಟ್ಟೆ."

"ಅಮ್ಮಾ, ಸಾಕು" ಎಂದಳು ಮಗಳು.

"ಇಪ್ಪತ್ತು ನಿಮಿಷ ಮುಂಚೆ ಕರೆದಿದ್ರೆ ಅಂತ ಡಾಕ್ಟರು ಶುರು ಮಾಡಿದ್ರು. ನನ್ನ ಮುಖ ನೋಡಿ ಮಾತು ನುಂಗ್ಕೊಂಡ್ರು." ಅವಳು ರಿಪೇರಿಯವನ ಕಡೆ ತಿರುಗಿದಳು. "ನೀವು ಹೇಳಿ. ಮೂರಕ್ಕೇ ನಿಂತಾಗ ನಾನು ಎದ್ದು ಬಂದಿದ್ರೆ ಉಳೀತಿದ್ರಾ?"

ಅವನು ಬಹಳ ಹೊತ್ತು ಕನ್ನಡಕ ಒರೆಸಿದ. "ಅತ್ತಿಗೆ, ಮೂರು ತಂತಿ ಬಿಗಿ ಇಡು ಅಂತ ನಾನೇ ಹೇಳಿದ್ದೆ. ಹೋದ ವಾರ. ಇದರ ಕತ್ತು ಒಂದು ಕಡೆ ವಾಲಿದೆ, ಹಾಗಿಟ್ರೆ ಸರಿಹೋಗತ್ತೆ ಅಂತ. ಅವನು ಮೂರು ಸಡಿಲಿಸಿ, ಕೆಲಸ ಮುಗಿಸಿ, ಆಮೇಲೆ ಯಾವಾಗಲೋ ಕಣ್ಮುಚ್ಚಿದಾನೆ. ನಿಮಗೆ ಗೊತ್ತಾಗೋಕೆ ದಾರೀನೇ ಇರ್ಲಿಲ್ಲ."

ಈಗಷ್ಟೇ ಅದೇ ಗಿಟಾರು ಹಿಡಿದು, ಯಾರು ಹೀಗೆ ಬಿಟ್ರು ಎಂದು ಗಾಬರಿಯಾದವನು ಇದೇ ಮನುಷ್ಯ. ಸುಳ್ಳಿಗೆ ತಲೆಯಿರಲಿಲ್ಲ, ಬುಡವಿರಲಿಲ್ಲ. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅವಳು ಆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಾಗಿದ್ರೆ ಈ ಮೂರನ್ನ ಹೀಗೇ ಬಿಡಬಹುದು, ಅಲ್ವಾ? ಅವರು ಬೇಕಂತ್ಲೇ ಇರಿಸಿದ್ದು ಅಂದ್ಮೇಲೆ?"

"ಬಿಡಿ. ಹೀಗೇ ಇರ್ಲಿ" ಎಂದ ರಿಪೇರಿಯವನು.

ಬಾಯಿ ಹಾಗೆಂದಿತು. ಅವನ ಹೆಬ್ಬೆರಳು ಮಾತ್ರ ತಾನಾಗಿಯೇ ಕತ್ತಿನ ಮೇಲೆ ಹೋಗಿ, ಮರ ತಿರುಚಿ ಮೇಲೇಳತೊಡಗಿದ್ದ ಜಾಗವನ್ನು ಒತ್ತಿ ಹಿಡಿದಿತ್ತು. ಅಷ್ಟು ವರ್ಷ ಮರದ ಜೊತೆ ಬಾಳಿದ ಕೈಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವಳು ಆ ಹೆಬ್ಬೆರಳನ್ನು ನೋಡಿದಳು. ನೋಡಬಾರದಿತ್ತು.

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು.

"ಕೊಡಿ ಇಲ್ಲಿ" ಎಂದು ಗಿಟಾರನ್ನು ತೊಡೆಯ ಮೇಲೆ ಇರಿಸಿಕೊಂಡಳು. ಇಷ್ಟು ವರ್ಷದಲ್ಲಿ ಒರೆಸಿದ್ದಳೇ ಹೊರತು ಹಿಡಿದು ಕೂತಿರಲಿಲ್ಲ. "ಯಾವ ಕಡೆ ತಿರುಗಿಸ್ಬೇಕು?"

ರಿಪೇರಿಯವನು ಬೆರಳಿನಲ್ಲಿ ತೋರಿಸಿದ.

ಅವಳು ನಾಲ್ಕನೆಯದನ್ನು ಮೀಟಿ ಬಿರಡೆ ತಿರುಗಿಸಿದಳು. ಸ್ಪೀಕರ್ ಇಲ್ಲದ ಸಣ್ಣ ದನಿ ನಡುಗುತ್ತ ಇಳಿಯಿತು. ಐದನೆಯದು ಇಳಿಯಿತು.

ವ್ಯಾನಿನ ಡ್ರೈವರ್ ಚಪ್ಪಲಿ ಬಿಟ್ಟು ಬಾಗಿಲವರೆಗೂ ಬಂದು, "ಅಮ್ಮಾ, ಎತ್ತೋಣ್ವಾ?" ಎಂದ.

"ಇನ್ನೊಂದಿದೆ" ಎಂದಳು.

ಡ್ರೈವರ್ ಕಾದ. ಲಿಫ್ಟ್ ಕಂಪನಿಯವರು ಹೆಗಲು ಕೊಡಲು ಬಗ್ಗಿದವರು ಬಗ್ಗಿದಂತೆಯೇ ಕಾದರು. ಅವಳು ಆರನೆಯ ಬಿರಡೆಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸದೆ, ಕೂತೇ ಇದ್ದಳು.